ಕಂಬದ ಸಂದಿಯಲ್ಲಿ ಕುರಿಮರಿ

ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೊರಟಿದ್ದ ನಮ್ಮ ಬಸ್ಸು ಸಣ್ಣ ಊರೊಂದರಲ್ಲಿ ಪಂಕ್ಚರ್ ಆಗಿ ನಿಂತಿತ್ತು. ಎದುರಿಗೇ ಹೊಸ ಪಾರ್ಕು. ಅದರ ಬಾಗಿಲಿಗೆ ಗಾಲಿಕುರ್ಚಿಯವರಿಗೆಂದು ನುಣುಪಾದ ಇಳಿಜಾರು ಕಟ್ಟಿ, ನೀಲಿ ಬಣ್ಣದಲ್ಲಿ ಗುರುತನ್ನೂ ಬರೆದಿದ್ದರು. ಇಂಥ ಊರಿನಲ್ಲೂ ಇದನ್ನು ಯೋಚಿಸುವವರಿದ್ದಾರಲ್ಲ ಎಂದು ಖುಷಿಯಾಯಿತು.

ಅಷ್ಟರಲ್ಲಿ ಹೆಂಗಸೊಬ್ಬಳು ಕೈಯಲ್ಲೇ ಪೆಡಲ್ ತಿರುಗಿಸುತ್ತ ತನ್ನ ಮೂರು ಗಾಲಿಯ ಗಾಡಿಯಲ್ಲಿ ಆ ಇಳಿಜಾರನ್ನು ಹತ್ತಿದಳು. ಹಿಂದೆಯೇ ಅವಳು ಸಾಕಿದ ಕುರಿಮರಿ. ಮೇಲೆ ಹೋದವಳು ಅಲ್ಲೇ ನಿಂತುಬಿಟ್ಟಳು. ಬಾಗಿಲಿಗೆ ಅಡ್ಡವಾಗಿ ಸಾಲು ಕಬ್ಬಿಣದ ಕಂಬಗಳು. ಮನುಷ್ಯರು ಓರೆಯಾಗಿ ನುಸುಳುವಷ್ಟೇ ಸಂದಿ.

ನಾನು ಇಳಿದು ಹೋಗಿ ಈ ಕಂಬಗಳೇಕೆ ಎಂದು ಒಳಗಿದ್ದ ಕಾವಲುಗಾರನನ್ನು ಕೇಳಿದೆ.

"ಕುರಿ ನುಗ್ತಾವೆ ಸಾರ್, ಅದಕ್ಕೇ ಹಾಕವ್ರೆ. ಇಲ್ಲಿ ಮನೆಮನೆಗೂ ಕುರಿ ಅವೆ."

"ಮತ್ತೆ ಇವರು ಹೇಗೆ ಒಳಗೆ ಬರಬೇಕು?"

ಅವನು ಗಾಡಿಯನ್ನು ಆಗಷ್ಟೇ ಕಂಡವನಂತೆ ನೋಡಿದ. "ಇಂಥೋರು ಯಾರೂ ಇಲ್ಲೀತಂಕ ಒಳಗೆ ಬಂದಿಲ್ಲ ಬಿಡ್ರಿ."

ದಂಗಾಗಿಹೋದೆ. ಬರಲಾಗದಂತೆ ಕಂಬ ನೆಟ್ಟು, ಯಾರೂ ಬಂದಿಲ್ಲ ಎನ್ನುವುದೇ!

ಆ ಹೊತ್ತಿಗೆ ಕುರಿಮರಿ ಕಂಬಗಳ ಸಂದಿಯಲ್ಲಿ ನುಸುಳಿ, ಒಳಗಿನ ದಾಸವಾಳಕ್ಕೆ ಬಾಯಿ ಹಾಕಿತ್ತು.

"ಏನಮ್ಮ, ನಿನ್ನ ಮರಿ ಗಿಡ ತಿಂತೈತೆ! ಒಳಗೆ ಬಂದು ಹಿಡ್ಕಂಡು ಹೋಗು!" ಕಾವಲುಗಾರ ಅವಳ ಮೇಲೆ ರೇಗಿದ.

ಅವಳು ಗಾಡಿಗೆ ಬ್ರೇಕ್ ಹಾಕಿ, ಕೈಕಟ್ಟಿ ಕುಳಿತಳು.

"ಬರ್ತೀನಿ ಕಣಣ್ಣ. ಕಂಬ ಕೀಳು."