ದನಿ ಬೇಡ, ಸಾಲಿನಲ್ಲಿ ನಿಲ್ಲಿ

ನಮ್ಮ ಕಡೆ ಹೆಂಗಸರ ಸಮೂಹ ಗಾಯನ ಅಂದರೆ ಮೊದಲು ಸೀರೆ, ಆಮೇಲೆ ಶ್ರುತಿ. ಅಮ್ಮ ಹಾಡುತ್ತಿದ್ದ ವಚನ ಗಾಯನದ ತಂಡವೂ ಹಾಗೇ. ಯಾವ ವಚನ ಹಾಡಬೇಕು ಅನ್ನುವುದು ತೀರ್ಮಾನವಾಗುವ ಮೊದಲೇ ಎಲ್ಲರೂ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ, ಒಂದೇ ಅಂಗಡಿಯಲ್ಲಿ ಕೂತು, ಒಂದೇ ಬಣ್ಣದ ಸೀರೆ ತಂದಿದ್ದರು. ಗಿಳಿಹಸಿರು, ಮೆರೂನ್ ಅಂಚು. ಅಮ್ಮನಿಗೆ ಆ ಬಣ್ಣ ಒಂಚೂರೂ ಒಪ್ಪುವುದಿಲ್ಲ. ಆದರೂ ಭದ್ರಾವತಿಯ ನಮ್ಮ ಮನೆಗೆ ಬಂದವಳೇ ಕನ್ನಡಿ ಮುಂದೆ ಹೊದ್ದು ನೋಡಿಕೊಂಡು ಕುಣಿದಾಡಿದ್ದಳು.

ಕುಣಿದಾಡಲಿಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಥೈರಾಯ್ಡ್ ಆಪರೇಷನ್ ಆಗಿ, ದನಿ ಹೋಗಿ, ತಿಂಗಳುಗಟ್ಟಲೆ ಪಿಸುಗುಟ್ಟಿಕೊಂಡೇ ಇದ್ದಳು. ಮಾತು ವಾಪಸ್ ಬಂತು. ಹಾಡು ಬಂತೋ ಇಲ್ಲವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ವಚನ ಹಾಡುವುದು, ನ್ಯೂ ಟೌನಿನ ಮನೆಯ ವರಾಂಡದಲ್ಲಿ ಪೇಪರ್ ಓದುತ್ತಿದ್ದ ಅಪ್ಪನನ್ನು ಹೇಗಿತ್ತು ಅಂತ ಕೇಳುವುದು. "ಮುಂಚಿನ ಹಂಗೇ ಇದೆ ಮಾರಾಯ್ತಿ," ಅನ್ನುತ್ತಿದ್ದರು ಅಪ್ಪ. ಅವಳು ತಂಡಕ್ಕೆ ವಾಪಸ್ ಹೋಗಿದ್ದು ಆ ಒಂದು ಮಾತನ್ನು ನಂಬಿಕೊಂಡು.

ಕೊನೆಯ ಪ್ರಾಕ್ಟೀಸಿಗೆ ಶಿವಮೊಗ್ಗಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಹಾಡು ಹೇಳಿಕೊಡುವ ಮೇಡಂ ಎರಡು ಸಾಲು ಹಾಡಿಸಿ, ನಿಲ್ಲಿಸಿ, ಅಮ್ಮನ ಕಡೆ ನೋಡಿದರು. ಮುಖದ ತುಂಬ ನಗು.

"ಅಕ್ಕಾ, ನೀವು ಸುಮ್ನೆ ಬಾಯಿ ಆಡ್ಸಿ ಸಾಕು. ಸೀರೆ ಬೇರೆ ತಂದಾಗಿದೆ, ನೀವಿಲ್ದಿದ್ರೆ ಸಾಲಲ್ಲಿ ಗ್ಯಾಪ್ ಕಾಣುತ್ತೆ. ದನಿ ಮಾತ್ರ ಬೇಡ."

ಪಕ್ಕದ ಹೆಂಗಸರು ತಮ್ಮ ತಮ್ಮ ಸೆರಗು ಸರಿಮಾಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ "ಆಯ್ತು" ಅಂದಳು. ಕಾರಿನಲ್ಲಿ ಕೂತ ಮೇಲೆ, "ನಿಮ್ಮಪ್ಪಂಗೆ ಹೇಳ್ಬೇಡ. ಈ ಮೇಡಂಗೇನು ಗೊತ್ತು? ಅವ್ರು ದಿನಾ ನನ್ನ ಹಾಡು ಕೇಳ್ತಾರೆ," ಅಂದಳು.

ಕಾರ್ಯಕ್ರಮ ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಹೋಗಿದ್ದೇ ಹಾಡು ಹಾಳಾಗಿಹೋಗಲಿ ಅಂತ ಹಾರೈಸಿಕೊಂಡು. ಹೊಟ್ಟೆಯಲ್ಲಿ ಸಿಟ್ಟಿಟ್ಟುಕೊಂಡು ಕೂತವರಿಗೆ ಸಂಗೀತ ಬೇರೆಯೇ ಕೇಳಿಸುತ್ತದೆ. ಹಾರ್ಮೋನಿಯಂ ಗೊರಕೆ ಹೊಡೆಯುತ್ತಿತ್ತು. ತಬಲಾದವನು ಬಸ್ಸಿಗೆ ಹೊತ್ತಾದವನ ಹಾಗೆ ಓಡುತ್ತಿದ್ದ. ಮೇಡಂ ಕಣ್ಣು ಮುಚ್ಚಿ ಆಲಾಪ ಎಳೆದಾಗ ನನಗೆ ನಗು ಬಂತು. ಸುತ್ತ ಕೂತವರೆಲ್ಲ ತಲೆದೂಗುತ್ತಿದ್ದರು, ಇವರಿಗೆ ಕಿವಿ ಇದೆಯೋ ಇಲ್ಲವೋ ಅಂತ ಒಳಗೊಳಗೇ ಬೈದುಕೊಂಡೆ. ಹಿಂದಿನ ಸಾಲಿನ ತುದಿಯಲ್ಲಿ ಅಮ್ಮ ಅಕ್ಷರಕ್ಷರಕ್ಕೂ ಬಾಯಿ ತೆರೆದು ಮುಚ್ಚುತ್ತಿದ್ದಳು. ನನ್ನ ಪಕ್ಕದಲ್ಲಿ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ಊಟ. ಎಲೆ ಮುಂದೆ ಕೂತ ಅಪ್ಪ ಎದುರು ಸಾಲಿನಲ್ಲಿದ್ದ ಮೇಡಂಗೆ ಕೇಳುವ ಹಾಗೆ ಜೋರಾಗಿಯೇ ಶುರು ಮಾಡಿದರು.

"ಅಷ್ಟು ಜನ ಹಾಡ್ತಿದ್ರೂ ಇವಳ ದನಿ ಬೇರೆಯಾಗೇ ಕೇಳ್ತಿತ್ತು ನೋಡಿ. ಗಂಟೆ ಹೊಡ್ದಂಗೆ!"

ಮೇಡಂ ಪಾಯಸದ ಕಡೆ ಬಗ್ಗಿದರು. ಗಿಳಿಹಸಿರು ಸೀರೆಗಳ ನಡುವೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪನಿಗೆ ಅದೂ ಮೆಚ್ಚುಗೆಯಾಗಿಯೇ ಕೇಳಿಸಿರಬೇಕು. "ಕೊನೇ ಸಾಲು ಮೇಲೆತ್ತಿದ್ದಂತೂ ಇವಳೊಬ್ಬಳೇ," ಅಂದರು.

ಅಮ್ಮನ ಕೈ ಎಲೆಯ ಮೇಲೆ ನಿಂತಿತು. ಮೇಡಂ ಮೇಲೆ ಹರಿಹಾಯುತ್ತಾಳೆ ಅಂದುಕೊಂಡೆ. ಅವಳು ನೋಡುತ್ತಿದ್ದದ್ದು ಅಪ್ಪನನ್ನು.

"ನಾನು ದನಿ ತೆಗ್ದೇ ಇಲ್ಲ ಕಣ್ರೀ. ಬರೀ ಬಾಯಿ ಆಡ್ಸಿದ್ದು," ಅಂದಳು, ಪಂಕ್ತಿಗೆಲ್ಲ ಕೇಳುವ ಹಾಗೆ. "ಹಂಗಾದ್ರೆ ಮನೇಲಿ ದಿನಾ ನೀವು ಕೇಳಿದ್ದೂ ಇಷ್ಟೇನಾ?"

ಅಪ್ಪ ನಗಲು ಹೋಗಿ ನಿಲ್ಲಿಸಿದರು. "ನಂಗೆ ಕೇಳಿಸ್ತು," ಅಂದರು.

ಅವರು ಸುಳ್ಳು ಹೇಳುವವರಲ್ಲ. ಕೇಳಿಸಿಯೇ ಇತ್ತು, ಅದೇ ಅಮ್ಮನನ್ನು ಕೊಂದದ್ದು. ಮೇಡಂ ಏನಾದರೂ ಅನ್ನಲಿ, ಅಪ್ಪನ ಕಿವಿ ತನ್ನ ಕಡೆ ಇದೆ ಅಂತ ಅವಳು ಧೈರ್ಯವಾಗಿದ್ದಳು. ಆ ಕಿವಿ, ಇಲ್ಲದ ದನಿಯನ್ನೂ ಕೇಳುತ್ತದೆ ಅಂತ ಈಗ ಗೊತ್ತಾಗಿತ್ತು. ಸಾಕ್ಷಿ ಹೇಳಲು ಬಂದ ಒಬ್ಬನೇ ಒಬ್ಬ ಮನುಷ್ಯ ಪ್ರೀತಿಯಿಂದಲೇ ಕೇಸು ಸೋಲಿಸಿಬಿಟ್ಟಿದ್ದ. ಪಾಪ ಅನ್ನಿಸಬೇಕಿತ್ತು, ನನಗೆ ಅವರ ಮೇಲೂ ಸಿಟ್ಟೇ ಬಂತು.

ವಾಪಸ್ ಬರುವಾಗ ಅಪ್ಪ ಮುಂದೆ ಕೂತರು, ಅಮ್ಮ ಹಿಂದೆ. ಕಾರು ಶಿವಮೊಗ್ಗ ದಾಟಿತು. ಆಮೇಲೆ ಅಮ್ಮ ಇದ್ದಕ್ಕಿದ್ದ ಹಾಗೆ ಹಾಡತೊಡಗಿದಳು, ಬೆಳಿಗ್ಗೆ ತಂಡ ಹಾಡಿದ್ದ ವಚನವನ್ನೇ, ಪೂರ್ತಿ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಮುಗಿಸಿ, "ನೀನು ಹೇಳು," ಅಂದಳು ನನಗೆ. "ಅವರನ್ನ ಇನ್ನು ಕೇಳಲ್ಲ. ನನ್ನ ದನಿ ಹೋಗಿದ್ಯಾ?"

ಬೆಳಿಗ್ಗೆಯಿಂದ ನನ್ನ ಕಿವಿಗೆ ಒಂದಾದರೂ ಸ್ವರ ಚೆನ್ನಾಗಿ ಕೇಳಿಸಿರಲಿಲ್ಲ. ಅಮ್ಮನ ಹಾಡನ್ನೂ ಅದೇ ಕಿವಿಯಲ್ಲಿ, ಅದೇ ಉರಿಯಲ್ಲಿ ಕೇಳಿದ್ದೆ. ಮೇಲಿನ ಸ್ವರದಲ್ಲಿ ದನಿ ಸೀಳಿತ್ತು, ಅಥವಾ ನನಗೆ ಹಾಗೆ ಕೇಳಿಸಿತ್ತು.

"ಹೋಗಿದೆ ಅಮ್ಮಾ," ಅಂದೆ.

"ಸರಿ," ಅಂದಳು. ಆಮೇಲೆ ಅವಳು ಹಾಡಿಲ್ಲ.