ಗಂಟೆ ಮಾರ್ಕಿನ ಕೋವಿಗೆ ಕಟ್ಟಿದ ತಾಯಿತ

ಕಳೆದ ವಾರ ಸಾಗರದ ಪೇಟೆ ಬೀದಿಯಲ್ಲಿ ಇಬ್ಬರು ಹೆಂಗಸರು ಕೋವಿ ಹಿಡಿದುಕೊಂಡು ಹೋಗುತ್ತಿದ್ದುದನ್ನು ನೀವು ಕಂಡಿದ್ದರೆ, ಅವರಲ್ಲಿ ಒಬ್ಬಳು ನಾನು.

ಹೆದರಬೇಡಿ. ದರೋಡೆಗೆ ಹೊರಟಿರಲಿಲ್ಲ. (ನಮ್ಮ ಮನೆಯವರು ಮಾತ್ರ, 'ಈ ಸಲ ಸಂಪಾದಕರು ನಿನ್ನ ಬರಹ ವಾಪಸ್ ಕಳಿಸಿದ್ರಾ?' ಎಂದು ಕೇಳಿ ನಕ್ಕರು.) ಕೋವಿ ಜಲಜಕ್ಕನ ಮನೆಯದು. ನಾನು ಜೊತೆಗೆ ಹೋದವಳು, ಅಷ್ಟೇ.

ಜಲಜಕ್ಕ ನನ್ನ ತವರಿನ ಕಡೆಯವರು. ಕವಲೇದುರ್ಗದ ಬುಡದಲ್ಲಿ ನಮ್ಮಣ್ಣ ಶೇಷಪ್ಪನ ಗದ್ದೆಗೂ ಅವರ ಗದ್ದೆಗೂ ನಡುವೆ ಒಂದು ಹಳ್ಳ ಮಾತ್ರ. ಅವರ ಗಂಡ ಮಂಜಪ್ಪಣ್ಣ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡರು. ಲೈಸೆನ್ಸ್ ಇದ್ದವರು ಸತ್ತರೆ ಕೋವಿ ಮನೆಯಲ್ಲಿ ಇರುವಂತಿಲ್ಲ. ಠಾಣೆಗೆ ಹೋಗಬೇಕು, ಇಲ್ಲವೇ ಕೋವಿ ಅಂಗಡಿಗೆ ಹೋಗಬೇಕು. ಇಷ್ಟು ದಿನ ತೀರ್ಥಹಳ್ಳಿ ಠಾಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋವಿಯನ್ನು ಜಲಜಕ್ಕ ಅಂಗಡಿಗೆ ಕೊಡುವ ಚೀಟಿ ಬರೆಸಿ ಬಿಡಿಸಿಕೊಂಡು, ಗೋಣಿಯಲ್ಲಿ ಸುತ್ತಿ, ಹೊಸನಗರದ ಮೇಲೆ ಬರುವ ಬಸ್ಸು ಹತ್ತಿ ಸಾಗರದ ನಮ್ಮ ಮನೆಗೆ ಬಂದಿದ್ದರು. ಕಂಡಕ್ಟರು 'ಅದೆಂತ ಅಮ್ಮಾ, ಹಾರೆಯಾ?' ಎಂದು ಕೇಳಿದನಂತೆ. ಇವರು 'ಹೂಂ, ಹಾರೆ' ಎಂದರಂತೆ.

'ವರ್ಷದ ತಿಥಿಗೆ ಮೊದ್ಲು ಇದ್ರದ್ದೊಂದು ತೀರ್ಮಾನ ಆಗ್ಲಿ ಮಾರಾಯ್ತಿ. ಅಂಗಡಿಯೋನು ತಗೊಂಡ್ರೆ ಸಾಕು. ನಂಗೆ ಇದನ್ನ ಕಂಡ್ರಾಗಲ್ಲ' ಎಂದರು.

ಯಾಕೆ ಕಂಡರಾಗದು ಎಂದು ನಾನು ಕೇಳಲಿಲ್ಲ. ಮಂಜಪ್ಪಣ್ಣನ ಮನೆಗೂ ನಮ್ಮಣ್ಣನ ಮನೆಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಮಾತು ನಿಂತಿದ್ದು ಕೋವಿಯಿಂದಲೇ ಎಂಬುದು ನನಗೆ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದದ್ದು ನಮ್ಮಣ್ಣನ ಕೋವಿಯ ಕಥೆ ಮಾತ್ರ.

ಆ ಕಥೆ ಮೊದಲು ಹೇಳುತ್ತೇನೆ.

ನಮ್ಮ ಕಡೆ ಎಲ್ಲರೂ ಅದನ್ನು ಗಂಟೆ ಮಾರ್ಕಿನ ಕೋವಿ ಅನ್ನುತ್ತಾರೆ. ನಳಿಗೆಯ ಬುಡದಲ್ಲಿ ಒಂದು ಪುಟ್ಟ ಗಂಟೆಯ ಮುದ್ರೆ. (ಕಂಪನಿಯ ಅಸಲು ಹೆಸರು ಬೇಡ. ನಮ್ಮ ಸಂಪಾದಕರಿಗೆ ಕೋರ್ಟು ಅಂದರೆ ಅಲರ್ಜಿ.) ಅಪ್ಪಯ್ಯನ ಹತ್ತಿರ ಇದ್ದದ್ದೂ ಅದೇ. ಗದ್ದೆಗೆ ಹಂದಿ ಬಿದ್ದಾಗ, ಬಾಳೆಗೆ ಮಂಗ ಬಂದಾಗ, ಆ ಕೋವಿ ಒಂದು ದಿನವೂ ಅಪ್ಪಯ್ಯನ ಮರ್ಯಾದೆ ತೆಗೆದದ್ದಿಲ್ಲ. ಅಪ್ಪಯ್ಯ ಅದನ್ನು ಒರೆಸುವಾಗ ಹತ್ತಿರ ಹೋದರೆ ನಮಗೆ ಬೈಗುಳ. ಅವರು ಮಕ್ಕಳ ಮೂಗು ಒರೆಸಿದ್ದನ್ನು ನಾನಂತೂ ಕಂಡಿಲ್ಲ.

ಆಸ್ತಿ ಹಿಸ್ಸೆಯಾದಾಗ ಆ ಕೋವಿ ದೊಡ್ಡಪ್ಪನ ಪಾಲಿಗೆ ಹೋಯಿತು. ಅಣ್ಣನಿಗೆ ಕೈ ಮುರಿದ ಹಾಗಾಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಂತೂ ಲೈಸೆನ್ಸ್ ಸಿಕ್ಕಿತು. ಅಣ್ಣ ಮತ್ತು ಮಂಜಪ್ಪಣ್ಣ ಒಂದೇ ದಿನ ಸಾಗರಕ್ಕೆ ಬಂದು, ಒಂದೇ ಅಂಗಡಿಯಲ್ಲಿ ಒಂದೇ ಥರದ ಎರಡು ಗಂಟೆ ಮಾರ್ಕು ಕೋವಿ ಕೊಂಡರು. ಹೊಸ ಕೋವಿ ಮನೆಗೆ ಬಂದರೆ ಹೊಸಿಲಲ್ಲಿ ನಿಲ್ಲಿಸಿ ಆರತಿ ಮಾಡುವುದು ನಮ್ಮ ಮನೆಯ ಪದ್ಧತಿ. ನಾನು ಆಗ ತವರಿಗೆ ಬಂದಿದ್ದೆ. ಎರಡು ಕೋವಿಗೂ ನಾನೇ ಆರತಿ ಎತ್ತಿದೆ. 'ಎರಡು ಸೊಸೆಯರು ಒಟ್ಟಿಗೆ ಬಂದ ಹಾಗಾಯ್ತು, ಜಗಳ ಆಡ್ದಿದ್ರೆ ಸಾಕು' ಎಂದು ತಮಾಷೆ ಮಾಡಿದೆ. ಸೊಸೆಯರು ಜಗಳ ಆಡಲಿಲ್ಲ.

ಹಳ್ಳದ ಪಕ್ಕ ಇಬ್ಬರಿಗೂ ಸೇರಿ ಒಂದೇ ಮಾಳ ಇತ್ತು. ಪೈರು ಕಾಯಲು ಎತ್ತರಕ್ಕೆ ಕಟ್ಟಿದ ಗುಡಿಸಲು. ಸಂಜೆಯಾದರೆ ಇಬ್ಬರೂ ಅಲ್ಲಿ. ಒಬ್ಬರ ಸಂಚಿಯ ಎಲೆ, ಇನ್ನೊಬ್ಬರ ಸಂಚಿಯ ಸುಣ್ಣ. ಹಂದಿಗಿಂತ ಹೆಚ್ಚಾಗಿ ಊರಿನವರ ಮೇಲೇ ಗುಂಡು ಹಾರುತ್ತಿತ್ತು ಅನ್ನಿ, ಬಾಯಲ್ಲಿ.

ಆಮೇಲೆ ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ, ದೊಡ್ಡ ಒಂಟಿಗ ಹಂದಿ ಅಣ್ಣನ ಗದ್ದೆಗೆ ಇಳಿಯಿತು. ಅಣ್ಣ ಗುರಿಯಿಟ್ಟ. 'ಟಕ್' ಅಂತ ಶಬ್ದ ಬಂತು. ಈಡು ಹಾರಲಿಲ್ಲ. ತೋಟೆ ಬದಲಾಯಿಸಿದ. ಮತ್ತೆ 'ಟಕ್'. ಹಂದಿ ಆರಾಮವಾಗಿ ಉಂಡು ಹೋಯಿತು. ಆವತ್ತು ಮಾತ್ರ ಅಲ್ಲ. ಆಮೇಲೆ ಕೋವಿಗೆ ಮನಸ್ಸು ಬಂದರೆ ಹಾರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಊರಿನವರು 'ಶೇಷಪ್ಪಗೌಡ್ರೇ, ಹಂದಿಗೆ ಕೋವಿ ತೋರಿಸ್ತೀರೋ, ಪೊರಕೆ ತೋರಿಸ್ತೀರೋ?' ಎಂದು ಕೇಳತೊಡಗಿದರು.

ನೀವಾದರೆ ಏನು ಮಾಡುತ್ತಿದ್ದಿರಿ? ಕೋವಿಯನ್ನು ಅಂಗಡಿಗೆ ಒಯ್ದು ರಿಪೇರಿ ಮಾಡಿಸುತ್ತಿದ್ದಿರಿ.

ನಮ್ಮಣ್ಣ ಒಯ್ಯಲಿಲ್ಲ. ಗಂಟೆ ಮಾರ್ಕಿನ ಕೋವಿ ಕೆಡುವುದುಂಟೇ? ಅಪ್ಪಯ್ಯನ ಕೋವಿ ಕೆಟ್ಟಿತ್ತೇ? ಕಂಪನಿ ತಪ್ಪು ಮಾಡುವುದಿಲ್ಲ, ತೋಟೆ ಹೊಸದು, ಅಣ್ಣನ ಕೈ ಗಟ್ಟಿ. ಹಾಗಾದರೆ ಉಳಿದದ್ದು ಒಂದೇ. ಯಾರೋ ಕೋವಿ ಕಟ್ಟಿದ್ದಾರೆ.

ಮಂತ್ರ ಹಾಕಿ ಈಡು ಹಾರದ ಹಾಗೆ ಮಾಡುವುದಕ್ಕೆ ನಮ್ಮ ಕಡೆ ಕೋವಿ ಕಟ್ಟುವುದು ಅನ್ನುತ್ತಾರೆ. ಅಣ್ಣ ನಿಮಿತ್ತ ನೋಡುವವನ ಹತ್ತಿರ ಹೋದ. ಅವನು ಕವಡೆ ಆಡಿಸಿ, 'ದೂರದವರಲ್ಲ. ನಿಮ್ಮ ಜಗಲಿ ಹತ್ತಿ ಇಳಿಯೋರೇ' ಎಂದ. ತಾಮ್ರದ ತಾಯಿತ ಮಾಡಿ ಕರಿದಾರದಲ್ಲಿ ಕೋವಿಗೆ ಕಟ್ಟಿಸಿದ.

ನಮ್ಮ ಜಗಲಿಯನ್ನು ದಿನಾ ಹತ್ತಿ ಇಳಿಯುವವರು ಯಾರು? ಮಂಜಪ್ಪಣ್ಣ!

ಅಣ್ಣ ಅವರನ್ನು ಕೇಳಲಿಲ್ಲ, ಬೈಯಲಿಲ್ಲ. ಮಾತು ಬಿಟ್ಟ. ವಿಚಿತ್ರವೆಂದರೆ ಮಂಜಪ್ಪಣ್ಣನೂ ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದೇ ತಪ್ಪಿತಸ್ಥ ಎಂಬುದಕ್ಕೆ ಸಾಕ್ಷಿ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಹಳ್ಳದ ಮಾಳ ಬಿದ್ದುಹೋಯಿತು. ಎರಡು ಬೇರೆ ಮಾಳ ಎದ್ದವು, ಒಂದಕ್ಕೊಂದು ಬೆನ್ನು ಹಾಕಿ.

ಹೋದ ವರ್ಷ ಮಂಜಪ್ಪಣ್ಣ ಸತ್ತಾಗಲೂ ಅಣ್ಣ ಹೋಗಲಿಲ್ಲ. ನಮ್ಮಲ್ಲಿ ಎಂಥ ಜಗಳವಿದ್ದರೂ ಸಾವಿನ ಮನೆಗೆ ಹೋಗದೆ ಇರುವುದಿಲ್ಲ. ಅಣ್ಣ ಹೆಗಲ ಮೇಲೆ ಟವೆಲು ಹಾಕಿಕೊಂಡು ತನ್ನ ಗದ್ದೆಯ ಅಂಚಿನಲ್ಲಿ ನಿಂತು ಚಿತೆಯ ಹೊಗೆ ಏಳುವುದನ್ನು ನೋಡಿದ. ಹಳ್ಳ ದಾಟಲಿಲ್ಲ. ಅತ್ತಿಗೆ ಇದನ್ನು ನನಗೆ ಹೇಳುವಾಗ ಅತ್ತುಬಿಟ್ಟರು.

ಈಗ ಅಂಗಡಿಗೆ ಬನ್ನಿ. ಆ ಎರಡು ಕೋವಿ ಮಾರಿದ ಅಂಗಡಿಯೇ ಅದು.

ಕೋವಿ ಅಂಗಡಿಯವನು ನಮ್ಮಿಬ್ಬರನ್ನು ನೋಡಿ, ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಗೋಣಿ ಬಿಚ್ಚಿದ.

ಕೋವಿಯ ಹಿಡಿಯ ಹತ್ತಿರ ಕರಿದಾರ. ದಾರದಲ್ಲಿ ತಾಮ್ರದ ತಾಯಿತ.

ಅದೇ ತಾಮ್ರ, ಅದೇ ಸುರುಳಿ, ಅದೇ ಮೂರು ಸುತ್ತಿನ ಗಂಟು. ನಮ್ಮಣ್ಣನ ಕೋವಿ ಇಲ್ಲಿಗೆ ಹೇಗೆ ಬಂತು ಎಂದು ಒಂದು ಗಳಿಗೆ ತಬ್ಬಿಬ್ಬಾದೆ.

'ಜಲಜಕ್ಕಾ, ಇದೆಂತ?'

ಜಲಜಕ್ಕ ಸೆರಗು ಬಾಯಿಗೆ ಹಿಡಿದುಕೊಂಡರು. 'ನಮ್ಮದೂ ಹಾರ್ತಿರ್ಲಿಲ್ಲ ಸುಮಿತ್ರಾ. ಇವ್ರು ನಿಮಿತ್ತ ನೋಡ್ಸಿದ್ರು. ಹತ್ತಿರದೋರೇ ಕಟ್ಟಿದ್ದು ಅಂತ ಬಂತಂತೆ. ನಿಮ್ಮಣ್ಣ ಬೇರೆ ಮಾತು ಬಿಟ್ಟಿದ್ರಲ್ಲ, ಅವ್ರೇ ಅಂತ ಇವ್ರಿಗೆ ಗಟ್ಟಿಯಾಯ್ತು. ಶೇಷಪ್ಪಣ್ಣ ಅಂಥೋರಲ್ಲ ಅಂತ ಎಷ್ಟು ಬಡ್ಕೊಂಡೆ, ಕೇಳ್ಬೇಕಲ್ಲ!'

ಅಂದರೆ ಇಬ್ಬರೂ! ಇಬ್ಬರ ಕೋವಿಯೂ ಹಾರುತ್ತಿರಲಿಲ್ಲ. ಇಬ್ಬರೂ ಒಬ್ಬನೇ ನಿಮಿತ್ತದವನ ಹತ್ತಿರ ಹೋಗಿದ್ದರು. ಅವನು ಇಬ್ಬರಿಗೂ ಒಂದೇ ಮಾತು, ಒಂದೇ ತಾಯಿತ ಕೊಟ್ಟಿದ್ದ. (ಈ ಇಡೀ ವ್ಯವಹಾರದಲ್ಲಿ ಮಾಲಿನ ಕ್ವಾಲಿಟಿ ಕಾಪಾಡಿಕೊಂಡವನು ಅವನೊಬ್ಬನೇ.)

ಅಂಗಡಿಯವನಿಗೆ ನಮ್ಮ ಗೋಳು ಬೇಕಿರಲಿಲ್ಲ. ಕತ್ತರಿಯಿಂದ ದಾರ ಕತ್ತರಿಸಿ, ತಾಯಿತವನ್ನು ಮೇಜಿನ ಮೇಲೆ ಎಸೆದು, ನಳಿಗೆ ಮಡಚಿ ಒಳಗೆ ನೋಡಿದ. ನಕ್ಕ.

'ಇದನ್ನ ಯಾರು ತಗೋತಾರಮ್ಮಾ? ಗಂಟೆ ಮಾರ್ಕಿನ ಹಳೇದಾಗಿದ್ರೆ ಕಣ್ಮುಚ್ಚಿ ತಗೋತಿದ್ದೆ. ಇದು ಹೊಸ ಮಾಲು. ತೋಟೆ ಬೆನ್ನಿಗೆ ಹೊಡೆಯೋ ಪಿನ್ನು ನೋಡಿ, ಹದ ಇಲ್ಲದ ಕಬ್ಬಿಣ. ನಾಲ್ಕು ಸಲ ಹೊಡೆದ್ರೆ ತಲೆ ಮೊಂಡಾಗುತ್ತೆ. ಸ್ಪ್ರಿಂಗು ಮೊದಲೇ ಸತ್ತಿದೆ. ಹಿಡಿಗೆ ಹಾಕಿರೋದು ಹಸಿ ಮರ.'

'ಗಂಟೆ ಮುದ್ರೆ ಇದೆಯಲ್ಲ?' ಎಂದೆ.

'ಮುದ್ರೆಗೇನು? ಮೊದ್ಲು ಪ್ರತಿಯೊಂದು ಕೋವಿಯಿಂದಲೂ ಫ್ಯಾಕ್ಟರಿಯಲ್ಲೇ ಈಡು ಹಾರ್ಸಿ ನೋಡಿ, ಆಮೇಲೆ ಗಂಟೆ ಒತ್ತೋರು. ಹಳೇ ಧಣಿ ಹೋದ್ರು. ಮಕ್ಕಳ ಕಾಲ. ಆರ್ಡರ್ ಜಾಸ್ತಿ. ಈಗ ಗಂಟೆ ಮೊದ್ಲು ಒತ್ತಿಬಿಡ್ತಾರೆ. ಇದನ್ನ ಮಾರೋಕೆ ಮುಂಚಿಂದ್ಲೂ ಹಿಂಗೇ. ಎಲ್ಲರಿಗೂ ಗೊತ್ತಲ್ಲ.'

ಎಲ್ಲರಿಗೂ ಗೊತ್ತು! ಈ 'ಎಲ್ಲರೂ' ಅಂದರೆ ಯಾರು ಸ್ವಾಮಿ? ನನಗೆ ತಲೆಗೇರಿತು.

'ಮಾರುವಾಗ ಯಾಕೆ ಹೇಳಲಿಲ್ಲ?'

'ಯಾರು ಕೇಳ್ತಿದ್ರು? ಬೇರೆ ಕಂಪನಿದು ತೋರ್ಸಿದ್ರೆ ನನ್ನನ್ನೇ ಕಳ್ಳ ಅಂತಿದ್ರು. ನಿಮ್ಮ ಕಡೆ ಗೌಡ್ರಿಗೆ ಗಂಟೆ ಇದ್ರೆ ಸಾಕು, ಒಳಗಡೆ ನೋಡೋದೇ ಇಲ್ಲ.'

ಅಲ್ಲೇ ಜಗಳ ಆಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಆದರೆ ಒಳಗೊಳಗೆ ಅವನ ಕೊನೆಯ ಮಾತು ಚುಚ್ಚುತ್ತಿತ್ತು. ನಮ್ಮ ಮನೆಗಳಲ್ಲಿ ಹೊಸ ಸ್ಟೌವ್ ಹೊಗೆ ಉಗುಳಿದರೆ ಸೊಸೆಗೆ ಬತ್ತಿ ಕತ್ತರಿಸಲು ಬರುವುದಿಲ್ಲ. ಹೊಸ ಕೊಡೆಯ ಕಡ್ಡಿ ಮುರಿದರೆ ಮಗನ ಕೈ ಒರಟು. ಹೆಸರುವಾಸಿ ಕಂಪನಿಯ ಮಾಲು ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಮನೆಯ ಮನುಷ್ಯ. ಹೌದೋ ಅಲ್ಲವೋ ಹೇಳಿ? ಕಂಪನಿ ಅಪ್ಪಯ್ಯನ ಕಾಲದಲ್ಲಿ ಸಂಪಾದಿಸಿದ ಹೆಸರನ್ನು ಈಗ ಕೂತು ಉಣ್ಣುತ್ತಿದೆ. ನಾವು ಬಡಿಸುತ್ತಿದ್ದೇವೆ.

ಕೋವಿಯನ್ನು ಗುಜರಿ ಲೆಕ್ಕಕ್ಕೆ ಅಲ್ಲೇ ಬಿಟ್ಟೆವು. ತಾಯಿತವನ್ನು ನಾನು ಎತ್ತಿಕೊಂಡೆ.

ಹೊರಗೆ ಬಂದ ಮೇಲೆ ಜಲಜಕ್ಕ ನನ್ನ ಕೈ ಹಿಡಿದುಕೊಂಡರು. 'ಶೇಷಪ್ಪಣ್ಣಂಗೆ ಇದನ್ನ ನೀನೇ ಹೇಳು. ತಿಥಿಗಾದ್ರೂ ಬಂದು ಒಂದು ತುತ್ತು ಉಂಡು ಹೋಗ್ಲಿ. ಇವ್ರು ಕೊನೇಲಿ ಜ್ವರದಲ್ಲಿ ಬಡಬಡಿಸ್ತಾ, ಶೇಷ ಬಂದ್ನಾ, ಶೇಷ ಬಂದ್ನಾ ಅಂತಿದ್ರು.'

ಇದಕ್ಕಿಂತ ದೊಡ್ಡ ಕೆಲಸ ಏನಿದೆ? ಮರುದಿನ ಬೆಳಗಿನ ಬಸ್ಸಿಗೆ ಜಲಜಕ್ಕನ ಜೊತೆಯಲ್ಲೇ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಲೆಕ್ಕ. ಅಣ್ಣ ಅಳುತ್ತಾನೆ. ಅತ್ತರೆ ಅಳಲಿ. ಆಮೇಲೆ ಎದ್ದು ಹಳ್ಳ ದಾಟುತ್ತಾನೆ. ಹೋದವರು ವಾಪಸ್ ಬರುವುದಿಲ್ಲ, ಆದರೆ ಜಲಜಕ್ಕನ ಜಗಲಿಯಲ್ಲಿ ಅಣ್ಣ ಒಮ್ಮೆ ಕೂತರೆ ಅಷ್ಟರಮಟ್ಟಿಗಾದರೂ ನೆಮ್ಮದಿ.

ಅಣ್ಣ ಆಗಷ್ಟೇ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಒಳಗೆ ಹೋಗಿ ತನ್ನ ಕೋವಿ ತಂದ. ಅದರ ತಾಯಿತದ ಪಕ್ಕ ನಾನು ತಂದ ತಾಯಿತ ಇಟ್ಟೆ. ನಳಿಗೆ ಮಡಚಿದ. ಪಿನ್ನಿನ ತಲೆಯನ್ನು ಬಗ್ಗಿ ನೋಡಿದ, ಉಗುರಿನಿಂದ ಮುಟ್ಟಿದ. ಅವನ ಮುಖ ನೋಡಲು ನನಗೆ ಸಂಕಟವಾಯಿತು.

ಪಿನ್ನಿನಿಂದ ಕಣ್ಣೆತ್ತಿದ.

'ಹಂಗಾದ್ರೆ ಮಂಜ ನನ್ಮೇಲೆ ಅನುಮಾನ ಪಟ್ಟಿದ್ನಾ?'

'ಎಂತ?'

'ನಾನು ಕೋವಿ ಕಟ್ಟೋನಾ? ಒಂದೇ ಮಾಳದಲ್ಲಿ ಕೂತು ಎಲೆ ಅಡಿಕೆ ಹಾಕ್ದೋರು ನಾವು. ಅಂಥ ನನ್ನ ಮೇಲೆ ಅವ್ನು ಹಂಗೆ ಅಂದ್ಕೊಂಡ್ನಾ?'

'ಅಯ್ಯೋ ಅಣ್ಣಾ, ನೀನೂ ಅವರ ಮೇಲೆ ಅದನ್ನೇ ಅಂದ್ಕೊಂಡಿದ್ಯಲ್ಲ!'

'ನಂದು ಬೇರೆ. ನಂಗೆ ನಿಮಿತ್ತದಲ್ಲಿ ಬಂದಿತ್ತು.'

'ಅವರಿಗೂ ನಿಮಿತ್ತದಲ್ಲೇ ಬಂದಿತ್ತು!'

'ಬಂದ್ರೂ ಅವ್ನು ನಂಬ್ಬಾರ್ದಿತ್ತು' ಎಂದ ಅಣ್ಣ. ಎದ್ದು ಕೋವಿ ಒಳಗಿಟ್ಟ.

ನಾನು ಕೂಗಾಡಿದೆ, ಕಾಲು ಹಿಡಿಯುತ್ತೇನೆ ಎಂದೆ. ಅತ್ತಿಗೆ ಬಾಗಿಲ ಹಿಂದೆ ನಿಂತು, 'ಹೋಗಿ ಬನ್ನಿ ಅಂತೀನಿ, ಸತ್ತೋರ ಮೇಲೆ ಎಂಥ ಸಿಟ್ಟು' ಎಂದರು. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ಅವನಿಗೆ ಮಂಜಪ್ಪಣ್ಣನ ಮೇಲೆ ಇದ್ದದ್ದು ಸುಳ್ಳು ಸಿಟ್ಟು. ನಾನು ಬಸ್ ಹತ್ತಿ ಹೋಗಿ ನಿಜವಾದ ಸಿಟ್ಟನ್ನು ಕೊಟ್ಟು ಬಂದ ಹಾಗಾಯಿತು.

ಮೊನ್ನೆ ತಿಥಿ. ಜಲಜಕ್ಕ ಪಂಕ್ತಿಯಲ್ಲಿ ಕಂಬದ ಪಕ್ಕ ಒಂದು ಎಲೆ ಹೆಚ್ಚಿಗೆ ಹಾಕಿಸಿದ್ದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ನಾನು ಅಂಗಳಕ್ಕೂ ಜಗಲಿಗೂ ಓಡಾಡುತ್ತಿದ್ದೆ. ಹಳ್ಳದ ಆಚೆ ಅಣ್ಣ ಬಂದ. ಹೆಗಲ ಮೇಲೆ ಟವೆಲು. ಬಿಳಿ ಪಂಚೆ ಉಟ್ಟಿದ್ದ. ಗದ್ದೆಯ ಅಂಚಿನಲ್ಲಿ ನಿಂತ. ಕೈ ಬೀಸಿ ಕರೆದೆ. ಇನ್ನೊಂದು ಹೆಜ್ಜೆ ಇಡುತ್ತಾನೆ ಎಂದು ಅಂಗಳದ ಅಂಚಿಗೆ ಓಡಿದೆ.

ತಿರುಗಿ ಹೋದ.

ಜಲಜಕ್ಕನೂ ನೋಡುತ್ತಿದ್ದರು. 'ಬಡಿಸಿ, ಹೊತ್ತಾಯ್ತು' ಎಂದರು. ಆ ಎಲೆಯನ್ನು ಊಟವಾದ ಮೇಲೆ ಮಡಚಿ ದನಕ್ಕೆ ಹಾಕಿದರು.

ಇದನ್ನು ಓದಿದ ನಿಮ್ಮಲ್ಲಿ ಕೆಲವರು, ಕಂಪನಿಗೆ ಒಂದು ಕಾಗದ ಬರೆಯಿರಿ ಎಂದು ನನಗೆ ಸಲಹೆ ಕೊಡುತ್ತೀರಿ. ಬರೆಯಬಹುದು. ಹೊಸ ಧಣಿಗಳು ಒಳ್ಳೆಯವರೇ ಇರಬಹುದು, ಕ್ಷಮೆ ಕೇಳಿ ಅಣ್ಣನಿಗೆ ಒಂದು ಹೊಸ ಪಿನ್ನನ್ನೂ ಕಳಿಸಿಕೊಡಬಹುದು.

ಗೆಳೆಯನ ಹೆಣಕ್ಕೆ ಹೆಗಲು ಕೊಡದೆ ಅಂಚಿನಲ್ಲಿ ನಿಂತುಬಿಟ್ಟ ನಮ್ಮಣ್ಣನನ್ನು ರಿಪೇರಿ ಮಾಡಲು ಅವರು ಏನು ಕಳಿಸುತ್ತಾರೆ?