ಆಕೆಯ ಹೆಸರಿನ ಬೆಂಚು

ಅನುದಾನದ ಅರ್ಜಿ ಯಾರದೋ ಟೇಬಲ್ಲಿನಲ್ಲಿ ಚಹಾದ ಕಪ್ಪಿನ ಕೆಳಗೆ ಸಿಕ್ಕು ಸಾಯಬಹುದಿತ್ತು. ಅಳತೆಗೆ ಬಂದ ಇಂಜಿನಿಯರು ಪಕ್ಕದ ಖಾಲಿ ಸೈಟನ್ನೇ ಉದ್ಯಾನವೆಂದು ಬರೆದುಕೊಂಡು ಹೋಗಬಹುದಿತ್ತು. ಬೋರು ಕೊರೆದರೆ ನೀರು ಬೀಳದಿರಬಹುದಿತ್ತು. ಬಿದ್ದರೆ ಇಡೀ ಬಡಾವಣೆ ಕೊಡ ಹಿಡಿದು ಬಂದು ಅಲ್ಲಿಯೇ ಜಗಳಕ್ಕೆ ನಿಲ್ಲಬಹುದಿತ್ತು. ನೆಟ್ಟ ಸಸಿಗಳನ್ನು ಎಮ್ಮೆಗಳು ಒಂದೇ ಮಧ್ಯಾಹ್ನ ಮುಗಿಸಬಹುದಿತ್ತು. ಜೋಕಾಲಿಯಿಂದ ಬಿದ್ದು ಯಾರದೋ ಮಗು ಕೈ ಮುರಿದುಕೊಂಡು, ಅದರ ಅಪ್ಪ ಸಂಘದ ಕಾರ್ಯದರ್ಶಿಯಾದ ನನ್ನ ಮೇಲೆ ಕೇಸು ಹಾಕಬಹುದಿತ್ತು. ಕಂಪೌಂಡಿನ ಮರೆಯಲ್ಲಿ ಇಸ್ಪೀಟು ಶುರುವಾಗಬಹುದಿತ್ತು. ಇವನ್ನೆಲ್ಲ ಹಳೆಯ ಡೈರಿಯೊಂದರಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಡೈರಿ ಕಳೆದುಹೋದರೆ ಏನು ಗತಿ ಎಂದು ಹೆದರಿ ಇನ್ನೊಂದು ಪ್ರತಿಯನ್ನೂ ಮಾಡಿಟ್ಟಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೈರಿದೇವರಕೊಪ್ಪದ ನಮ್ಮ ಬಡಾವಣೆಯಲ್ಲಿ ಮನೆಗಳು ಭರಭರ ಏಳುತ್ತಿದ್ದವು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು 'ಉದ್ಯಾನ' ಎಂದು ಬರೆದಿದ್ದ ಜಾಗದಲ್ಲಿ ಮಾತ್ರ ಜಾಲಿ ಮುಳ್ಳು, ಒಡೆದ ಇಟ್ಟಿಗೆ, ಹಂದಿಗಳ ಒಂದು ದೊಡ್ಡ ಸಂಸಾರ. ಬಡಾವಣೆಯವರು ಸಂಘ ಕಟ್ಟಿಕೊಂಡು ಬಂದರೆ, ಖರ್ಚಿನ ಒಂದಿಷ್ಟು ಭಾಗವನ್ನು ತಾವೇ ಹೊತ್ತರೆ, ಉಳಿದದ್ದಕ್ಕೆ ಪಾಲಿಕೆಯವರು ಅನುದಾನ ಕೊಡುತ್ತಾರೆಂಬ ಸುದ್ದಿ ಬಂತು. ಷರತ್ತುಗಳ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದುವಷ್ಟು ಅಂಜುಬುರುಕ ನಾನೊಬ್ಬನೇ ಇದ್ದುದರಿಂದ ಕಾರ್ಯದರ್ಶಿಯಾದೆ.

ಅರ್ಜಿಯಲ್ಲಿ 'ಉದ್ದೇಶ' ಎಂಬ ಕಾಲಂ ಇತ್ತು. 'ನಾಗರಿಕರ ಆರೋಗ್ಯ ಹಾಗೂ ಮಕ್ಕಳ ಮನರಂಜನೆ' ಎಂದು ಬರೆದೆ. ಅದು ಸುಳ್ಳು. ನನಗೆ ಬೇಕಾದದ್ದು ಸಂಜೆ ಪಕ್ಕದಲ್ಲಿ ಕೂತು, "ಇವತ್ತ ಅಡಗಿ ಏನ್ರಿ?" ಎಂದು ಕೇಳುವ ಒಬ್ಬ ಮನುಷ್ಯ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ನಮಗೆ ಮಕ್ಕಳಿರಲಿಲ್ಲ. ಓಣಿಯ ಜನರೆಲ್ಲ ಆಕೆಯ ಪರಿಚಯದವರು. ನಾನು ಆಕೆಯ ಹಿಂದೆ ಕೈಚೀಲ ಹಿಡಿದು ನಿಲ್ಲುತ್ತಿದ್ದವನು. ಆಕೆ ಹೋದಮೇಲೆ ಅವರು ನನ್ನನ್ನು ನೋಡಿ ತಲೆಯಾಡಿಸುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಆಫೀಸಿನಿಂದ ಬಂದು ಬೀಗ ತೆಗೆದರೆ ಮರುದಿನ ಬೆಳಗಿನವರೆಗೆ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗಾಗಿ ಅರ್ಜಿಗೆ ಸಹಿ ಹಾಕಿಸುವ ಕೆಲಸ ನನಗೆ ಹಬ್ಬವಾಯಿತು. ಒಂದೇ ಭಾನುವಾರದಲ್ಲಿ ಮುಗಿಯುವ ಕೆಲಸವನ್ನು ಸಂಜೆಗೊಂದು ಮನೆಯಂತೆ ಎಳೆದೆ. ಪ್ರತಿ ಮನೆಯಲ್ಲೂ ಚಹಾ, ಚುರುಮುರಿ. ಎದುರುಮನೆಯ ನಿವೃತ್ತ ಮಾಸ್ತರರು ಮಾತ್ರ ಇದನ್ನು ಪತ್ತೆ ಹಚ್ಚಿದರು.

"ಅಲ್ರಿ, ನಿನ್ನೆ ಬಂದಿದ್ರಿ, ಸಹಿ ಹಾಕಿದ್ನೆಲ್ರಿ?"

"ಇನ್ನೊಂದ ಪ್ರತಿ ಬೇಕಾಗಬಹುದು ಅಂತ..."

"ಪ್ರತಿ ಬ್ಯಾಡ, ಚಹಾ ಬೇಕಾಗೇತಿ. ಬರ್ರಿ ಒಳಗ," ಎಂದು ನಕ್ಕರು.

ಅರ್ಜಿ ಸಾಯಲಿಲ್ಲ. ಇಂಜಿನಿಯರು ಸರಿಯಾದ ಜಾಗವನ್ನೇ ಅಳೆದರು. ಹಂದಿಗಳು ತಾವಾಗಿಯೇ ಬೇರೆ ಬಡಾವಣೆಗೆ ವರ್ಗವಾದವು. ಅನುದಾನದಲ್ಲಿ ಕಂಪೌಂಡು, ಬೋರು, ನಡೆದಾಡುವ ದಾರಿ ಆದವು. ಬೆಂಚುಗಳು ಮಾತ್ರ ನಮ್ಮ ಪಾಲಿನವು. ಆರು ಬೆಂಚು, ಆರು ಮನೆ ಒಪ್ಪಿಕೊಂಡವು. ಒಂದನ್ನು ನಾನು ಹೆಂಡತಿಯ ಹೆಸರಿನಲ್ಲಿ ಕೊಟ್ಟೆ. ಮೂರು ಜನ ಆರಾಮಾಗಿ ಕೂರುವ ಸಿಮೆಂಟಿನ ಬೆಂಚು. ಜನರನ್ನು ಕೂರಿಸಿಕೊಂಡು ಮಾತಾಡಿಸುವುದು ಆಕೆಗೆ ಒಲಿದಿದ್ದ ವಿದ್ಯೆ; ಬೆಂಚಾದರೂ ಅದನ್ನು ಮುಂದುವರಿಸಲಿ ಎಂದುಕೊಂಡಿದ್ದೆ.

ಬೆನ್ನು ಒರಗಿಸುವ ಭಾಗದ ಮೇಲೆ ಹೆಸರು ಬರೆಯಲು ಪೇಂಟರ್ ಬಂದ.

"ಹೆಸರಷ್ಟ ಬರೀಪಾ, ಸಾಕು," ಎಂದೆ.

"ಬರೇ ಹೆಸರ ಬರದ್ರ ಕಿರಾಣಿ ಅಂಗಡಿ ಬೋರ್ಡ್ ಆಗತೈತ್ರಿ ಸರ. ಲಿಂಗೈಕ್ಯ ಅಂತ ಮುಂದ ಹಾಕತೇನಿ. ಮ್ಯಾಲ ಮೂರೆಳಿ ವಿಭೂತಿ ತಗದ್ರ ಶೋಭಾ ಬರತೈತಿ. ರೊಕ್ಕ ಏನ್ ಹೆಚ್ಚಿಗಿ ಬ್ಯಾಡ್ರಿ."

ಮನಸ್ಸು ತುಂಬಿ ಬಂತು. ಆಮೇಲೆ ಬಣ್ಣ ಒಣಗುತ್ತದೋ ಇಲ್ಲವೋ, ಕೂತವರ ಬಿಳಿ ಅಂಗಿಗೆ ಹತ್ತಿದರೆ ಯಾರು ಬೈಸಿಕೊಳ್ಳಬೇಕು ಎಂದು ಚಿಂತಿಸಿ, ಮೂರು ದಿನ ಬೆಳಿಗ್ಗೆ ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಒಣಗಿತ್ತು.

ಉದ್ಯಾನ ತೆರೆದ ಸಂಜೆ ಜನವೋ ಜನ. ಯಾವ ಮಗುವೂ ಬೀಳಲಿಲ್ಲ. ಆಕೆಯ ಬೆಂಚಿನ ಒಂದು ತುದಿಯಲ್ಲಿ ನಾನು ಕೂತೆ. ಜಾಗ ಬೇಕಾದಷ್ಟಿದ್ದರೂ ಇನ್ನಷ್ಟು ತುದಿಗೆ ಸರಿದೆ. ಉಳಿದ ಐದು ಬೆಂಚುಗಳು ತುಂಬಿ, ಜನ ದಾರಿಯ ಅಂಚಿನ ಕಲ್ಲುಗಳ ಮೇಲೂ ಕೂತರು. ನನ್ನ ಪಕ್ಕಕ್ಕೆ ಯಾರೂ ಬರಲಿಲ್ಲ. ಕಡೆಗೆ ಮಾಸ್ತರರು ನೇರ ನನ್ನ ಕಡೆಗೇ ನಡೆದು ಬಂದರು. ಹತ್ತಿರ ಬಂದು ಚಪ್ಪಲಿ ಬಿಟ್ಟರು. ವಿಭೂತಿಯ ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಿಂತೇ ಇದ್ದರು.

"ಕುಂದರ್ರಿ ಮಾಸ್ತರ."

"ಇಲ್ಲಿ ಹೆಂಗ ಕುಂದ್ರೂದ್ರಿ? ಲಿಂಗೈಕ್ಯ ಸ್ವಾಮಿಗೋಳ ಗದ್ದಿಗಿ ಮ್ಯಾಲ ಕುಂತಂಗ ಆಗತೈತಿ. ತಂಗಿ ಹೆಸರಿಗೆ ಬೆನ್ನ ಹಚ್ಚಿ ಹರಟಿ ಹೊಡೀಲೇನು?"

"ನಿಮಗಿಂತ ಸಣ್ಣಾಕಿರಿ ಆಕಿ."

"ಲಿಂಗದಾಗ ಕೂಡಿದ ಮ್ಯಾಲ ಸಣ್ಣಾವ್ರು ದೊಡ್ಡಾವ್ರು ಎಲ್ಲೀದ್ರಿ? ನಿಮ್ಮ ಮಾತ ಬ್ಯಾರೆ. ನೀವು ಮನ್ಯಾವ್ರು, ಕುಂದರ್ರಿ." ನನ್ನ ಹೆಗಲು ತಟ್ಟಿ ಹೋಗಿ, ಆಚೆಯ ಬೆಂಚಿನಲ್ಲಿ ಇಬ್ಬರ ನಡುವೆ ಜಾಗ ಮಾಡಿಸಿಕೊಂಡು ಕೂತರು. ಅಲ್ಲಿ ಅದೇನೋ ಮಾತಿಗೆ ಎಲ್ಲರೂ ಗಟ್ಟಿಯಾಗಿ ನಕ್ಕರು.

ನಾನೂ ಎದ್ದು ಅಲ್ಲಿಗೆ ಹೋಗಬಹುದಿತ್ತು. ಆದರೆ ಇಷ್ಟು ಜನರ ನಡುವೆ ಆಕೆಯನ್ನು ಒಬ್ಬಳನ್ನೇ ಬಿಟ್ಟು ಹೋದಂತಾಗುತ್ತದೆ ಅನ್ನಿಸಿತು. ಬಣ್ಣ ಅಳಿಸೋಣವೆಂದರೆ, ಸತ್ತ ಹೆಂಡತಿಯ ಹೆಸರನ್ನು ಗಂಡನೇ ಅಳಿಸಿದ ಎಂಬ ಮಾತು ಓಣಿಯ ತುಂಬ ಓಡಾಡುತ್ತದೆ.

ಮರುದಿನ ಹೋದಾಗ ಬೆಂಚನ್ನು ಯಾರೋ ಗುಡಿಸಿ, ಎರಡು ಚೆಂಡುಹೂ ಇಟ್ಟಿದ್ದರು. ಹೂವನ್ನು ಒಂದು ಬದಿಗೆ ಸರಿಸಿ ತುದಿಯಲ್ಲಿ ಕೂತೆ. ದಾಟಿ ಹೋಗುವವರು ದನಿ ತಗ್ಗಿಸಿ ಹೋಗುತ್ತಿದ್ದರು. ಬಡಾವಣೆಯವರೆಲ್ಲ ಉದ್ಯಾನ ಛಲೋ ಆಗಿದೆ ಎನ್ನುತ್ತಾರೆ. ಆಗಿದೆ, ಖರೇ. ಎಡವಟ್ಟಾದದ್ದು ಇಷ್ಟೇ: ಒಂದು ಬೆಂಚಿನಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು.